ತಡಸದ ದಾರಿ, ಲಾಮಾ ಕ್ಯಾಂಪಿನ ನೆರೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಇಳಿದು ಬರುವವರ ನಡುವೆ ಕಡುಗೆಂಪು ಬಟ್ಟೆ ಹೊದ್ದ ಭಿಕ್ಷುಗಳು ಕಂಡರೆ ಈ ಭಾಗದವರು ತಿರುಗಿ ನೋಡುವುದಿಲ್ಲ. ಅವರು ಹೋಗುವುದು ಎಲ್ಲಿಗೆಂದು ಎಲ್ಲರಿಗೂ ಗೊತ್ತು. ಗಾಡಿ ದಕ್ಷಿಣಕ್ಕೆ ಹೊರಟು ಶಿಗ್ಗಾವಿ ತಾಲ್ಲೂಕಿನ ತಡಸಕ್ಕೆ ಬರುತ್ತದೆ, ಅಲ್ಲಿಂದ ಮುಂಡಗೋಡದ ದಾರಿ ಹಿಡಿಯುತ್ತದೆ. ಮೆಕ್ಕೆಜೋಳದ ಹೊಲಗಳು ಮುಗಿದು ಮಲೆನಾಡಿನ ಸೆರಗು ತೊಡಗುವಲ್ಲಿ ಬಂಗಾರದ ಬಣ್ಣದ ಮಠದ ಮಾಡುಗಳು ಕಾಣುತ್ತವೆ. ಕಾಗದದ ಮೇಲೆ ಅದರ ಹೆಸರು ಡೊಯ್ಗುಲಿಂಗ್ ಟಿಬೆಟಿಯನ್ ವಸಾಹತು. ನಮ್ಮ ಜನರ ಬಾಯಲ್ಲಿ ಅದು ಲಾಮಾ ಕ್ಯಾಂಪು.

ಕ್ಯಾಂಪಿನ ಈಚೆಗಿರುವ ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ 1997ರವರೆಗೆ ಧಾರವಾಡ ಜಿಲ್ಲೆಯ ತಾಲ್ಲೂಕುಗಳು, ಆಮೇಲೆ ಹಾವೇರಿಯವು. ಜಿಲ್ಲೆಗೆ ಸ್ವಂತದ ವಿಮಾನ ನಿಲ್ದಾಣವಿಲ್ಲ. ಹಾನಗಲ್ಲಿಗಾಗಲಿ ಹಿರೇಕೆರೂರಿಗಾಗಲಿ ರೈಲೂ ಬರಲಿಲ್ಲ. ಸವಣೂರಿನವರು ರೈಲು ಹಿಡಿಯಲು ಯಲವಿಗಿಗೆ ಹೋಗಬೇಕು. ಹೀಗಾಗಿ ಆಕಾಶದ ದಾರಿಯೆಂದರೆ ನಮಗೆ ಹುಬ್ಬಳ್ಳಿಯೇ. ಆ ನಿಲ್ದಾಣವನ್ನು 1974ರಲ್ಲಿ ರಾಜ್ಯದ ಲೋಕೋಪಯೋಗಿ ಇಲಾಖೆ ಕಟ್ಟಿತು. 1996ರಲ್ಲಿ ಅದು ವಿಮಾನ ನಿಲ್ದಾಣ ಪ್ರಾಧಿಕಾರದ ಕೈಗೆ ಹೋಯಿತು. ಬಹುಕಾಲ ಸಣ್ಣ ವಿಮಾನಗಳು ಬಂದರೆ ಬಂದವು, ನಿಂತರೆ ನಿಂತವು. ಉಡಾನ್ ಯೋಜನೆಯಡಿ 2018ರಲ್ಲಿ ಇಂಡಿಗೋ ಬಂದ ಮೇಲೆಯೇ ಅದಕ್ಕೆ ನಿಜವಾದ ಜೀವ ಬಂದದ್ದು. 2019ರ ನವೆಂಬರಿನಲ್ಲಿ ಸ್ಟಾರ್ ಏರ್ ದೆಹಲಿ ಪಕ್ಕದ ಹಿಂಡನ್‌ಗೆ ವಿಮಾನ ಹಾರಿಸಿತು. ದೆಹಲಿಯಾಚೆ ದಲಾಯಿ ಲಾಮಾ ನೆಲೆಸಿರುವ ಧರ್ಮಶಾಲಾ, ದೆಹಲಿಯೀಚೆ ಮುಂಡಗೋಡ. ಬದುಕಿನ ಅರ್ಧ ಅಲ್ಲಿ, ಅರ್ಧ ಇಲ್ಲಿ ಇರುವ ಟಿಬೆಟಿಯನ್ ಕುಟುಂಬಗಳಿಗೆ ಅದು ಎಂಥ ಅನುಕೂಲವಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

1959ರಲ್ಲಿ ದಲಾಯಿ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಹಿಂದೆ ಬಂದ ಸಾವಿರಾರು ಜನರಿಗೆ ನೆಲೆ ಬೇಕಾಯಿತು. ಆಗ ಮೊದಲು ದೊಡ್ಡ ಮನಸ್ಸು ಮಾಡಿದ್ದು ಮೈಸೂರು ರಾಜ್ಯ. ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡ. ಸುಮಾರು 4,000 ಎಕರೆ ಕಾಡುನೆಲವನ್ನು ಗುತ್ತಿಗೆಗೆ ಕೊಡಲಾಯಿತು. ಹಿಮದ ನಾಡಿನವರು ಇಲ್ಲಿನ ಸೆಕೆ, ಮಳೆ, ಸೊಳ್ಳೆಗಳ ನಡುವೆ ಪೊದೆ ಕಡಿದು ಭತ್ತ, ಗೋವಿನಜೋಳ ಬೆಳೆದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಪಶ್ಚಿಮ ಬಂಗಾಳದ ಬಕ್ಸಾದ ಹಳೆಯ ಕೋಟೆಯಲ್ಲಿ ಕ್ಷಯ ರೋಗದಿಂದ ನರಳುತ್ತಲೇ ಶಾಸ್ತ್ರ ಓದುತ್ತಿದ್ದ ಭಿಕ್ಷುಗಳು 1970ರ ಆಸುಪಾಸಿನಲ್ಲಿ ಇಲ್ಲಿಗೆ ಬಂದರು. ಅವರ ಜೊತೆ ಬಂದದ್ದು ಎರಡು ಮಹಾಮಠಗಳ ಪರಂಪರೆ. 1409ರಲ್ಲಿ ಜೆ ತ್ಸೊಂಗ್‌ಖಾಪಾ ಕಟ್ಟಿದ ಗಾದೆನ್ ಒಂದು, 1416ರಲ್ಲಿ ಅವರ ಶಿಷ್ಯರು ಕಟ್ಟಿದ ಡ್ರೆಪುಂಗ್ ಇನ್ನೊಂದು. ಟಿಬೆಟಿಯನ್ ಬೌದ್ಧರ ಗೆಲುಗ್ ಪಂಥದ ಮೂರು ಮಹಾಪೀಠಗಳಲ್ಲಿ ಮೂರನೆಯದಾದ ಸೆರಾ ಬೈಲಕುಪ್ಪೆಯಲ್ಲಿದೆ. ಮೂರೂ ಕರ್ನಾಟಕದ ಮಣ್ಣಿನಲ್ಲಿ ಬೇರುಬಿಟ್ಟವು ಎನ್ನುವುದನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಹೇಳಬೇಕು.

2012ರ ಕೊನೆಯಲ್ಲಿ ದಲಾಯಿ ಲಾಮಾ ತಮ್ಮ ಲಾಮ್‌ರಿಮ್ ಉಪದೇಶಮಾಲೆಯನ್ನು ಆರಂಭಿಸಿದ್ದು ಮುಂಡಗೋಡದಲ್ಲೇ. 2016ರ ಡಿಸೆಂಬರಿನಲ್ಲಿ ಡ್ರೆಪುಂಗಿಗೆ 600 ವರ್ಷ ತುಂಬಿದ ಸಂದರ್ಭ. ನನ್ನ ಮಟ್ಟಿಗೆ ಈ ವಸಾಹತಿನ ಚರಿತ್ರೆಯಲ್ಲೇ ದೊಡ್ಡ ದಿನ ಆಗಲೇ ಬಂತು: 20 ಭಿಕ್ಷುಣಿಯರು ಗೆಶೆಮಾ ಪದವಿ ಪಡೆದರು. ಶತಮಾನಗಳ ಕಾಲ ಗಂಡಸರಿಗಷ್ಟೇ ದಕ್ಕುತ್ತಿದ್ದ ಪಾಂಡಿತ್ಯದ ಆ ಪದವಿಯನ್ನು ಹೆಣ್ಣುಮಕ್ಕಳ ತಂಡವೊಂದು ಮೊದಲ ಸಲ ಪಡೆದದ್ದು ಲ್ಹಾಸಾದಲ್ಲಲ್ಲ, ಧರ್ಮಶಾಲಾದಲ್ಲೂ ಅಲ್ಲ. ಹಾನಗಲ್ಲಿನ ನೆರೆಯಲ್ಲಿ. 2019ರಲ್ಲಿ ತ್ಸೊಂಗ್‌ಖಾಪಾ ತೀರಿಕೊಂಡು 600 ವರ್ಷವಾದ ನೆನಪಿಗೆ ಇಲ್ಲಿನ ಗಾದೆನ್‌ನಲ್ಲಿ ಮತ್ತೆ ಜನ ನೆರೆದರು. ವಿದೇಶಿಯರು ಕ್ಯಾಂಪಿನಲ್ಲಿ ತಂಗಲು ಕೇಂದ್ರದ ಸಂರಕ್ಷಿತ ಪ್ರದೇಶ ಪರವಾನಗಿ ಪಡೆಯಬೇಕು, ಬಹಳ ಮುಂಚೆಯೇ ಅರ್ಜಿ ಹಾಕಬೇಕು. ಅಷ್ಟಾದರೂ ಬರುತ್ತಾರೆ.

ಲಾಮಾಗಳು ಬರುವ ಮೊದಲು ಬುದ್ಧ ಈ ಸೀಮೆಗೆ ಅಪರಿಚಿತನಾಗಿದ್ದನೇ? ಇಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ವನವಾಸಕ್ಕೆ ಕಳಿಸಲಾಯಿತೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಆ ವನವಾಸ ನಮ್ಮ ಬನವಾಸಿಯೆಂದು ವಿದ್ವಾಂಸರು ತಿಳಿಯುತ್ತಾರೆ. ಅಲ್ಲಿನ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಚುಟು ಅರಸರ ಕಾಲದ ಅದರ ಪ್ರಾಕೃತ ಶಾಸನದಲ್ಲಿ ರಾಜಪುತ್ರಿಯೊಬ್ಬಳು ನಾಗ, ಕೆರೆ, ವಿಹಾರ ಮೂರನ್ನೂ ದಾನ ಮಾಡಿದ ಸಂಗತಿ ಇದೆ. ಕೆತ್ತಿದ ಶಿಲ್ಪಿ ನಟಕನ ಹೆಸರೂ ಇದೆ. ಹಿರೇಕೆರೂರಿನ ಕಡೆಯಿಂದ ಶಿರಾಳಕೊಪ್ಪ ದಾಟಿದರೆ ಬಳ್ಳಿಗಾವಿ. 1065ರಲ್ಲಿ ಅಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿ ತಾರಾ ಭಗವತಿ, ಲೋಕೇಶ್ವರ, ಬುದ್ಧರ ಜೊತೆಗೆ ಕೇಶವನ ಪೂಜೆಗೂ ದತ್ತಿ ಬಿಟ್ಟ. ಒಂದೇ ದಾನಪತ್ರದಲ್ಲಿ ಇವರೆಲ್ಲ ಕೂಡಿದ್ದು ಆ ಊರಿನ ದೊಡ್ಡತನ.

ಹೀಗೆ ಹಳೆಯ ಬೌದ್ಧ ನೆಲೆಗಳಿಗೂ ಹೊಸದಕ್ಕೂ ನಡುವೆ ಇರುವುದು ನಮ್ಮ ತಾಲ್ಲೂಕುಗಳು. ಮುಂಡಗೋಡದಿಂದ ಬನವಾಸಿಗೋ ಬಳ್ಳಿಗಾವಿಗೋ ಹೊರಟವರಿಗೆ ಹಾನಗಲ್ಲ ದೂರದ ಬಳಸಲ್ಲ. ತಾರಕೇಶ್ವರ ಗುಡಿಯ ಛಾವಣಿಯಲ್ಲಿ ಅರಳಿದ ಕಲ್ಲಿನ ಕಮಲವನ್ನು ನೋಡದೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾನಗಲ್ಲಿಗೂ ಕ್ಯಾಂಪಿನ ತಾಲ್ಲೂಕಿಗೂ ನೀರಿನ ನಂಟೂ ಇದೆ. ಮುಂಡಗೋಡ ತಾಲ್ಲೂಕಿನ ಮಳಗಿಯಲ್ಲಿ ಕಟ್ಟಿದ ಧರ್ಮಾ ಜಲಾಶಯದ ಕಾಲುವೆಯೇ ನಮ್ಮ ಗದ್ದೆಗಳಿಗೆ ನೀರುಣಿಸುತ್ತದೆ. ಶಿಗ್ಗಾವಿಯ ದಾರಿಯಲ್ಲಿ ಕನಕದಾಸರ ಬಾಡ, ಶರೀಫರ ಶಿಶುವಿನಹಾಳ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇವೆ. ಸವಣೂರಿನಲ್ಲಿ ನವಾಬರ ಕಾಲದ ನೆನಪುಗಳು, ಅಲ್ಲಿನ ಮಠದ ಅಂಗಳದ ಮೂರು ದೊಡ್ಡಹುಣಸೆ (ಬಾವೊಬಾಬ್) ಮರಗಳು. ದೂರದಿಂದ ಯಾತ್ರೆಗೆ ಬಂದವರು ಇದನ್ನೆಲ್ಲ ನೋಡಿದರೆ ಅವರಿಗೂ ಲಾಭ, ನಮಗೂ ಲಾಭ.

ಹಿರೇಕೆರೂರಿನವರಿಗೆ ಈಗ ಇನ್ನೊಂದು ಬಾಗಿಲು ತೆರೆದಿದೆ. ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ವಿಮಾನಗಳು ಓಡಾಡತೊಡಗಿದವು. ಉತ್ತರಕ್ಕೆ ಹುಬ್ಬಳ್ಳಿ, ದಕ್ಷಿಣಕ್ಕೆ ಶಿವಮೊಗ್ಗ. ಒಂದರಲ್ಲಿ ಇಳಿದು ಮುಂಡಗೋಡ, ಹಾನಗಲ್ಲ, ಬನವಾಸಿ, ಬಳ್ಳಿಗಾವಿ ನೋಡಿ ಇನ್ನೊಂದರಿಂದ ಹಿಂದಿರುಗುವಂಥ ದಾರಿ ತಾನಾಗಿಯೇ ಕೂಡಿಬಂದಿದೆ.

ಹುಬ್ಬಳ್ಳಿಯ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದರು. ಅದರ ಗೋಡೆಯ ಮೇಲೆ ಈ ದಾರಿಯ ನಕ್ಷೆಯೊಂದಿರಲಿ, ಕನ್ನಡದಲ್ಲೂ ಟಿಬೆಟಿಯನ್ ಲಿಪಿಯಲ್ಲೂ. ಬಾಗಿಲಲ್ಲೇ ತಡಸ, ಮುಂಡಗೋಡ, ಹಾನಗಲ್ಲಿಗೆ ಹೋಗುವ ಸರ್ಕಾರಿ ಬಸ್ಸು ಸಿಗಲಿ. ಹಾವೇರಿ, ಉತ್ತರ ಕನ್ನಡ, ಧಾರವಾಡ, ಶಿವಮೊಗ್ಗ ಜಿಲ್ಲಾಡಳಿತಗಳು ಒಟ್ಟಿಗೆ ಕೂತು ಮಾತಾಡಿದರೆ ಆಗುವ ಕೆಲಸವಿದು. ನಾಲ್ಕೂ ತಾಲ್ಲೂಕಿನ ಜನಪ್ರತಿನಿಧಿಗಳು ಇದನ್ನು ಕೈಗೆತ್ತಿಕೊಳ್ಳಬೇಕು.