ಕುಂಡಯಿ: ಗದ್ದೆಯಿಂದ ಕಾರಖಾನೆಗೆ

ಔದ್ಯೋಗಿಕ ಕ್ರಾಂತಿಯೆಂದೊಡನೆ ನಾವು ತರಗತಿಯಲ್ಲಿ ಮ್ಯಾಂಚೆಸ್ಟರಿನ ಹೆಸರನ್ನು ಹೇಳುತ್ತೇವೆ. ಉಗಿಯಂತ್ರ, ನೂಲಿನ ಗಿರಣಿ, ಹಳ್ಳಿ ಬಿಟ್ಟು ಪಟ್ಟಣ ಸೇರಿದ ರೈತ ಎಂದು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಅಂಥದೇ ಒಂದು ಬದಲಾವಣೆಯು ನಮ್ಮ ಗಡಿಯ ಆಚೆಗೆ, ಘಟ್ಟದ ಕೆಳಗೆ, ಈಗ ಬದುಕಿರುವ ಹಿರಿಯರ ಕಣ್ಣೆದುರಿನಲ್ಲಿಯೇ ನಡೆದಿದೆಯೆಂಬುದು ನಮ್ಮ ಗಮನಕ್ಕೆ ಬಂದಿರುವುದು ಕಡಿಮೆ. ಗೋವೆಯ ಫೋಂಡಾ ತಾಲೂಕಿನ ಕುಂಡಯಿ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇಂಗ್ಲಂಡಿನಲ್ಲಿ ಊರ ಬಯಲಿಗೆ ಬೇಲಿ ಹಾಕಿ ಬಡ ರೈತನನ್ನು ಹೊರದೂಡಿದರು. ಕುಂಡಯಿಯಲ್ಲಿಯಾದರೋ ಕಾರಖಾನೆಗಳು ನಿಂತುದು ಗುಡ್ಡದ ಮೇಲಣ ಹಾಳುನೆಲದಲ್ಲಿ. ಗದ್ದೆಗಳು ಕೆಳಗೆ ಇದ್ದಲ್ಲಿಯೇ ಉಳಿದುವು. ಆದರೂ ಗದ್ದೆಯ ಬದುಕು ಉಳಿಯಲಿಲ್ಲ. ಹೀಗೇಕಾಯಿತೆಂಬುದನ್ನು ಇಲ್ಲಿ ವಿಚಾರಿಸೋಣ.

ಈ ಸೀಮೆ ಕನ್ನಡಿಗರಿಗೆ ಪರಕೀಯವಾದುದಲ್ಲ. ಗೋವೆಯ ಕದಂಬರನ್ನು ಕುರಿತು ನಾವು ಓದಿದ್ದೇವೆ. 1763ರಲ್ಲಿ ಪೋರ್ತುಗೀಜರ ಕೈಸೇರುವ ಮೊದಲು ಫೋಂಡಾ ಪ್ರಾಂತವು ಸೋದೆಯ ಅರಸರ ಆಳಿಕೆಯಲ್ಲಿದ್ದಿತು. ಹೈದರಾಲಿಯು ಸೋದೆಯ ಮೇಲೆ ಏರಿಬಂದಾಗ ಆ ಅರಸುಮನೆತನದವರು ಗೋವೆಗೆ ಹೋಗಿ, ಕುಂಡಯಿಗೆ ದೂರವಲ್ಲದ ಬಾಂದಿವಡೆಯಲ್ಲಿ ನೆಲೆಸಿದರು. ಪಣಜಿಯಿಂದ ಫೋಂಡಾಕ್ಕೆ ಹೋಗುವ ಹೆದ್ದಾರಿಯು ಬಾಣಸ್ತಾರಿಯ ಸೇತುವೆಯಲ್ಲಿ ಕುಂಬಾರಜುವೆ ಕಾಲುವೆಯನ್ನು ದಾಟಿ, ಭೋಮೆಯನ್ನು ಕಳೆದು ಕುಂಡಯಿಯನ್ನು ಹಾಯ್ದು ಮಾರ್ದೋಳದ ಕಡೆಗೆ ಸಾಗುತ್ತದೆ. ಊರಿನಲ್ಲಿ ನವದುರ್ಗೆಯ ದೇವಸ್ಥಾನವಿದೆ.

ಈ ಭಾಗದ ಬೇಸಾಯವನ್ನು ಮೂರು ಮೆಟ್ಟಿಲುಗಳಲ್ಲಿ ನೋಡಬಹುದು. ಎಲ್ಲಕ್ಕೂ ಕೆಳಗೆ, ಉಬ್ಬರದ ಉಪ್ಪುನೀರು ಬರುವ ದಂಡೆಗಳಲ್ಲಿ ಖಾಜನ ಭೂಮಿ. ಮಣ್ಣು ಹುಲ್ಲುಗಳಿಂದ ಕಟ್ಟಿದ ಒಡ್ಡು ಉಪ್ಪುನೀರನ್ನು ತಡೆಯುವುದು. ‘ಮಾನಸ್’ ಎಂಬ ಮರದ ತೂಬು ಉಬ್ಬರದಲ್ಲಿ ತಾನೇ ಮುಚ್ಚಿ ಇಳಿತದಲ್ಲಿ ತಾನೇ ತೆರೆದುಕೊಳ್ಳುವುದು. ಉಪ್ಪನ್ನು ತಾಳಿಕೊಳ್ಳುವ ‘ಕೊರ್ಗುಟ್’ ಎಂಬ ಭತ್ತ ಅಲ್ಲಿ ಬೆಳೆಯುವುದು. ಕುಮಟೆಯ ಅಘನಾಶಿನಿ ತೀರದ ಗಜನಿ ಭೂಮಿಯನ್ನೂ ಅಲ್ಲಿಯ ಕಗ್ಗ ಭತ್ತವನ್ನೂ ಬಲ್ಲ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎರಡನೆಯ ಮೆಟ್ಟಿಲಿನಲ್ಲಿ ಸಿಹಿನೀರಿನ ಗದ್ದೆಗಳು ಮತ್ತು ಕುಳಾಗರಗಳು, ಅಂದರೆ ಅಡಕೆ, ತೆಂಗು, ಬಾಳೆ, ಮೆಣಸು ಕೂಡಿ ಬೆಳೆಯುವ ತೋಟಗಳು. ಮೂರನೆಯದು ಮೇಲಣ ಜಂಬುಮಣ್ಣಿನ ಬಯಲು. ದನ ಮೇಯುವ, ಸೌದೆ ತರುವ, ಗೇರು ಬೆಳೆಯುವ ನೆಲ.

ಈ ಮೂರನ್ನೂ ಒಂದಾಗಿ ಹಿಡಿದಿದ್ದುದು ಗಾಂವಕಾರಿ ಎಂಬ ಗ್ರಾಮಸಂಸ್ಥೆ. ಪೋರ್ತುಗೀಜರು ಇದನ್ನು ಕೊಮುನಿದಾದ್ ಎಂದು ಕರೆದರು. ಭೂಮಿ ಸಂಸ್ಥೆಯದು, ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಡುತ್ತಿದ್ದರು, ಬಂದ ಹುಟ್ಟುವಳಿಯಿಂದ ಒಡ್ಡು, ತೂಬು, ದೇವಸ್ಥಾನಗಳ ಖರ್ಚು ಕಳೆದು, ಉಳಿದುದನ್ನು ಗಾಂವಕಾರರು ಹಂಚಿಕೊಳ್ಳುತ್ತಿದ್ದರು. ಇದನ್ನು ನಾವು ರಾಮರಾಜ್ಯವೆಂದು ಭಾವಿಸಬಾರದು. ಗಾಂವಕಾರನಾಗಲು ಆ ವಂಶದಲ್ಲಿ ಗಂಡಾಗಿ ಹುಟ್ಟಬೇಕಾಗಿದ್ದಿತು. ಭಾಟಕಾರನ ತೋಟದಲ್ಲಿ ಗುಡಿಸಲು ಹಾಕಿಕೊಂಡ ಮುಂಡಕಾರನು ಧಣಿಯ ಮರ್ಜಿಯಲ್ಲಿಯೇ ಇರಬೇಕಾಗಿದ್ದಿತು. ದಿನಗೂಲಿಯವರಿಗೆ ಭತ್ತದಲ್ಲಿಯೇ ಕೂಲಿ ಅಳೆಯುವುದು ಸಾಮಾನ್ಯವಾಗಿದ್ದಿತು.

1961ರ ಡಿಸೆಂಬರ 19ರಂದು ಗೋವೆ ಬಿಡುಗಡೆಯಾಯಿತು. ಆಮೇಲಿನ ಹದಿನೈದು ವರ್ಷಗಳಲ್ಲಿ ಎರಡು ಬೇರೆ ಬೇರೆ ಹೊಳೆಗಳು ಹರಿದು ಬಂದುವು. ಒಂದು ಭೂಸುಧಾರಣೆ. 1964ರ ಗೇಣಿ ಕಾಯದೆಯು ಗೇಣಿಗೆ ಮಿತಿಯನ್ನು ಹಾಕಿತು. 1975ರ ಮುಂಡಕಾರ ಕಾಯದೆಯು ಗುಡಿಸಲಿನವನನ್ನು ಒಕ್ಕಲೆಬ್ಬಿಸದಂತೆ ಕಾಪಾಡಿತು. 1976ರ ತಿದ್ದುಪಡಿಯು ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಇನ್ನೊಂದು ಉದ್ಯಮ. 1965ರ ಕಾಯದೆಯ ಮೇರೆಗೆ ಔದ್ಯೋಗಿಕ ಅಭಿವೃದ್ಧಿ ನಿಗಮವು ಸ್ಥಾಪಿತವಾಗಿ, ಅಲ್ಲಲ್ಲಿ ಔದ್ಯೋಗಿಕ ವಸಾಹತುಗಳನ್ನು ಕಟ್ಟತೊಡಗಿತು. ಇದೇ ಹೆದ್ದಾರಿಯ ಮೇಲಿರುವ ಕೊರ್ಲಿಯ ವಸಾಹತು ಮೊದಲಿನವುಗಳಲ್ಲೊಂದು. ಬಳಿಕ ಕುಂಡಯಿಯ ಬಯಲಿನ ಸರದಿ ಬಂದಿತು. ದನ ಮೇಯುತ್ತಿದ್ದ ನೆಲದಲ್ಲಿ ಔಷಧಿ, ಯಂತ್ರಭಾಗ, ಉಕ್ಕು, ಪ್ಯಾಕಿಂಗ್ ಸಾಮಾನು ತಯಾರಿಸುವ ಘಟಕಗಳು ನಿಂತುವು.

ಇದರಿಂದ ದಿನಚರಿಯಲ್ಲಿ ಮೊದಲು ಬದಲಾದುದು ಹೊತ್ತಿನ ಅಳತೆ. ಬೇಸಾಯದ ವರ್ಷಕ್ಕೆ ಮಳೆಗಾಲದ ‘ಸರದ್’, ಬೇಸಿಗೆಯ ‘ವಾಯಂಗಣ’ ಎಂಬ ಎರಡು ಬೆಳೆಗಳೇ ಪಂಚಾಂಗವಾಗಿದ್ದುವು. ಖಾಜನದಲ್ಲಂತೂ ಚಂದ್ರನನ್ನು ನೋಡಿ ಉಬ್ಬರವನ್ನು ಅರಿಯಬೇಕಾಗಿದ್ದಿತು. ಕಾರಖಾನೆಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳೆರಡೂ ಒಂದೇ. ಆಗ ಜಾರಿಯಲ್ಲಿದ್ದ 1948ರ ಕಾರಖಾನೆ ಕಾಯದೆಯಂತೆ ವಾರಕ್ಕೆ 48 ತಾಸು ಕೆಲಸ, ಒಂದು ದಿನ ರಜೆ, ಐದು ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಇದ್ದುವು. ರಾತ್ರಿಪಾಳಿ ಮುಗಿಸಿ ಬಂದವನು ಹಗಲು ಮಲಗಬೇಕಾದುದರಿಂದ ಮನೆಯ ಮಕ್ಕಳು ಮೆಲ್ಲಗೆ ಮಾತಾಡುವುದನ್ನು ಕಲಿತರು.

ಎರಡನೆಯದಾಗಿ, ಕಣಜದ ಸ್ಥಾನಕ್ಕೆ ಪಗಾರು ಬಂದಿತು. ವರ್ಷದ ಅಕ್ಕಿಯನ್ನು ಮನೆಯಲ್ಲಿಟ್ಟುಕೊಂಡವನಿಗೆ ತಿಂಗಳ ಕೊನೆಯೆಂಬುದು ಇರಲಿಲ್ಲ. ಪಗಾರದವನಿಗೆ ಅದೇ ದೊಡ್ಡ ತಿಥಿಯಾಯಿತು. ಕುಚ್ಚಲಕ್ಕಿ ಮನೆಯಲ್ಲಿ ಬೇಯಿಸಿ ಒಣಗಿಸುವ ಬದಲು ಅಂಗಡಿಯಿಂದ ಬಂದಿತು. ಚೌತಿಯ ಖರ್ಚು ಬೆಳೆಯ ಮೇಲಲ್ಲ, ಬೋನಸ್ಸಿನ ಮೇಲೆ ನಿಂತಿತು. 1980ರಲ್ಲಿ ಹುಟ್ಟಿದ ಕದಂಬ ಸಾರಿಗೆಯ ಬಸ್ಸು ಕೆಲಸದ ಊರನ್ನೂ ಮಲಗುವ ಊರನ್ನೂ ಬೇರೆಬೇರೆ ಮಾಡಿತು. ನಾಟಿ ಮಾಡುತ್ತಿದ್ದ ತಾಯಂದಿರ ಹೆಣ್ಣುಮಕ್ಕಳು ಪ್ಯಾಕಿಂಗ್ ವಿಭಾಗಗಳಲ್ಲಿ ನಿಂತು, ತಮ್ಮ ಹೆಸರಿನಲ್ಲಿಯೇ ಸಂಬಳ ಪಡೆದರು. ಇದು ಸಣ್ಣ ಲಾಭವಲ್ಲ. ಜಾತಿಯನ್ನೂ ಧಣಿಯನ್ನೂ ಕೇಳದೆ ದೊರೆತ ಹಾಜರಿ ಚೀಟಿಯು ಎಷ್ಟೋ ಮುಂಡಕಾರರ ಮಕ್ಕಳಿಗೆ ತಲೆಯೆತ್ತಿ ನಡೆಯುವ ಧೈರ್ಯವನ್ನು ಕೊಟ್ಟಿತು.

ಹಾಗಾದರೆ ಗದ್ದೆಗೇನಾಯಿತು? ಗದ್ದೆಯನ್ನು ಒಬ್ಬೊಬ್ಬರಾಗಿ ಉಳಬಹುದು, ಆದರೆ ಒಡ್ಡನ್ನು ಒಬ್ಬೊಬ್ಬರಾಗಿ ಕಾಯಲಾಗದು. ಒಡ್ಡು ಒಂದು ಕಡೆ ಒಡೆದರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುವುದು. ಉಳುವವನು ಒಡೆಯನಾದ ಮೇಲೆ ಗಾಂವಕಾರಿಯ ಹುಟ್ಟುವಳಿ ಕುಗ್ಗಿತು. ಒಡ್ಡಿನ ಹೊಣೆಯು 1975ರ ನಿಯಮಗಳಂತೆ ಗೇಣಿದಾರರ ಸಂಘಗಳ ಮೇಲೆ ಬಿದ್ದಿತು. ಸರಿಯಾಗಿ ಅದೇ ಕಾಲದಲ್ಲಿ ಆ ಸಂಘಗಳಲ್ಲಿ ದುಡಿಯಬೇಕಾದ ತರುಣರು ಕಾರಖಾನೆ, ಗಣಿ, ಸರಕಾರಿ ಕಚೇರಿಗಳ ಕಡೆಗೆ ನಡೆದಿದ್ದರು. ಒಡೆಯನಾಗುವ ಹಕ್ಕು ಕೈಗೆ ಬಂದಾಗ ದುಡಿಯುವ ಕೈ ಬೇರೆಡೆಗೆ ಹೋಗಿದ್ದಿತು. ಗೋವೆಯ ಅನೇಕ ಖಾಜನಗಳು ಬೀಳುಬಿದ್ದು ಕಾಂಡ್ಲ ಬೆಳೆದುದರ ಹಿಂದೆ ಈ ಎರಡು ಹೊಳೆಗಳ ಸಂಗಮವಿದೆ. ಎರಡೂ ತಮ್ಮ ತಮ್ಮಷ್ಟಕ್ಕೆ ನ್ಯಾಯವಾದುವೇ. ಕೂಡಿದಾಗ ಮಾತ್ರ ಒಡ್ಡು ಅನಾಥವಾಯಿತು.

ಈ ಕಥೆಯ ಉತ್ತರಾರ್ಧವು ನಮ್ಮ ನಾಡಿನದು. ಬಿಡುಗಡೆಯ ತರುವಾಯ ಬಂದರು, ಗಣಿ, ರಸ್ತೆ, ಕಟ್ಟಡ, ಕಾರಖಾನೆಗಳಿಗೆ ಬೇಕಾದ ಕೈಗಳಿಗೆ ಗೋವೆಯ ಜನ ಸಾಲಲಿಲ್ಲ. ವಿಜಾಪುರ, ಬಾಗಲಕೋಟೆ, ಗದಗ, ಹಾವೇರಿ, ಬೆಳಗಾವಿ ಜಿಲ್ಲೆಗಳ ಒಣಬೇಸಾಯದ ಹಳ್ಳಿಗಳಿಂದ ಜನರು ಘಟ್ಟವಿಳಿದರು. 1972ರ ಬರಗಾಲದಂಥ ವರ್ಷಗಳು ಅವರನ್ನು ಇನ್ನಷ್ಟು ನೂಕಿದುವು. ಕುಂಡಯಿಯ ತರುಣನು ಗದ್ದೆಯಿಂದ ಗುಡ್ಡಕ್ಕೆ ಏರಿದನು. ವಿಜಾಪುರದ ತರುಣನು ಎರಿಹೊಲದಿಂದ ಕರಾವಳಿಗೆ ಇಳಿದನು. ಅಲ್ಲಿ ಭತ್ತ ಬಿಟ್ಟವನೂ ಇಲ್ಲಿ ಜೋಳ ಬಿಟ್ಟವನೂ ಒಂದೇ ಪಾಳಿಯಲ್ಲಿ ಕೂಡಿದರು. ಹಿಂದೆ ಉಳಿದ ಹೊಲವನ್ನು ಮುದುಕರು ನೋಡಿಕೊಂಡರು, ಇಲ್ಲವೆ ಕೋರಿಗೆ ಹಾಕಿದರು. ಊರ ಜಾತ್ರೆಗೆ, ಎಳ್ಳಮಾವಾಸ್ಯೆಗೆ ರಜೆ ಸಿಕ್ಕರೆ ಬಂದು ಹೋಗುವುದೇ ಅವರ ಒಕ್ಕಲುತನವಾಗಿ ಉಳಿಯಿತು.

ಆದರೆ ಇಬ್ಬರ ಸ್ಥಿತಿಯಲ್ಲಿ ಒಂದು ಭೇದವುಂಟು. ಕುಂಡಯಿಯವನು ಬೇಸಾಯ ಬಿಟ್ಟರೂ ಅವನ ಮನೆ, ದೇವರು, ಮಾತು ಅವನೊಡನೆಯೇ ಇವೆ. ಕೆಲಸ ಹೋದರೂ ಊರು ಹೋಗದು. ಘಟ್ಟವಿಳಿದು ಹೋದವನಿಗೆ ಬಾಡಿಗೆಯ ಖೋಲಿಯೇ ಊರು. ಗುತ್ತಿಗೆದಾರನ ಮಾತೇ ಕರಾರು. 2012ರಲ್ಲಿ ಗೋವೆಯ ಗಣಿಗಳು ನಿಂತಾಗಲೂ, 2020ರ ಲಾಕ್‌ಡೌನಿನಲ್ಲಿಯೂ ಈ ಭೇದವು ಎದ್ದುಕಂಡಿತು: ಒಬ್ಬನು ಮನೆಯಲ್ಲಿ ಕುಳಿತು ಕಷ್ಟಪಟ್ಟನು, ಇನ್ನೊಬ್ಬನು ಗಂಟು ಕಟ್ಟಿಕೊಂಡು ಘಟ್ಟ ಹತ್ತಬೇಕಾಯಿತು. ಅವನ ಮಕ್ಕಳು ಶಾಲೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಕಲಿತು, ಮನೆಯಲ್ಲಿ ಅವ್ವನೊಡನೆ ಕನ್ನಡವಾಡುತ್ತಾರೆ. ಕುಂಟೆ, ಕೂರಿಗೆ, ರಂಟೆಗಳೆಂದರೆ ಏನೆಂದು ಅವರಿಗೆ ತೋರಿಸುವವರಿಲ್ಲ.

ಇಲ್ಲಿಯೇ ಶಿಕ್ಷಕರಾದ ನಮಗೊಂದು ಕೆಲಸವಿದೆ. ಪಗಾರು ಹಸಿವೆಯನ್ನು ಕಳೆಯಿತು, ದಾಸ್ಯವನ್ನು ಸಡಿಲಿಸಿತು. ಅದನ್ನು ಹಳಿಯುವುದು ಅನ್ಯಾಯವಾದೀತು. ಆದರೆ ತೂಬನ್ನು ಯಾವ ಮರದಿಂದ ಮಾಡಬೇಕು, ಒಡ್ಡಿಗೆ ಯಾವ ಮಣ್ಣು ತರಬೇಕು, ಎರಿಹೊಲಕ್ಕೆ ಯಾವ ಮಳೆಯಲ್ಲಿ ಬಿತ್ತಬೇಕು ಎಂಬ ತಿಳಿವಳಿಕೆಯು ಯಾವ ಪಗಾರದ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅದು ಬಲ್ಲವರ ಕೈಯಲ್ಲಿದೆ. ಆ ಕೈಗಳು ಈಗ ಮುಪ್ಪಾಗಿವೆ. ಗಡಿಯ ಎರಡೂ ಕಡೆಯ ಶಿಕ್ಷಕರು ತಂತಮ್ಮ ಶಾಲೆಯ ಮಕ್ಕಳಿಂದ ಅಜ್ಜ ಅಜ್ಜಿಯರ ಬೇಸಾಯದ ಮಾತುಗಳನ್ನೂ, ತಂದೆ ತಾಯಿಯರ ಕಾರಖಾನೆಯ ಮಾತುಗಳನ್ನೂ ಒಂದೇ ವಹಿಯಲ್ಲಿ ಬರೆಯಿಸಿದರೆ, ಖಾಜನಕ್ಕೂ ಗಜನಿಗೂ ಇರುವ ನಂಟು ತಾನಾಗಿ ಕಾಣುವುದು. ಮ್ಯಾಂಚೆಸ್ಟರಿನ ಪಾಠವು ಮನೆಯ ಪಾಠವಾಗುವುದು.