ಹಿಟ್ಲರನ ಪುಸ್ತಕ: ಓದಬೇಕೇ, ಬೇಡವೇ?



ಮುಂಬಯಿಯ ಫೌಂಟನ್ ಇರಲಿ, ಹೈದರಾಬಾದಿನ ಅಬಿಡ್ಸ್ ಇರಲಿ, ಫುಟ್‌ಪಾತಿನ ಪುಸ್ತಕಗಳ ರಾಶಿಯಲ್ಲಿ ಹಿಟ್ಲರನ ಮುಖಚಿತ್ರವಿರುವ ಪುಸ್ತಕವೊಂದು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಹೆಸರು 'ಮೈನ್ ಕಾಂಫ್', ಅಂದರೆ 'ನನ್ನ ಹೋರಾಟ'. ನಮ್ಮಲ್ಲಿ ಕೆಲವರು ಅದನ್ನು ನಾಯಕತ್ವದ ಪಾಠವೆಂದು ಕೊಳ್ಳುವುದೂ ಉಂಟು. ಕಾಲೇಜಿಗೆ ಹೋಗುವ ಮಗ ಅದನ್ನು ಮನೆಗೆ ತಂದರೆ ಓದು ಎನ್ನುವುದೇ, ಬೇಡ ಎನ್ನುವುದೇ?

ಮೊದಲು ಪುಸ್ತಕದ ಕತೆ ಕೇಳಿ. 1923ರ ನವೆಂಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಸರ್ಕಾರ ಉರುಳಿಸಲು ಹೋಗಿ ಸೋತ ಹಿಟ್ಲರನಿಗೆ ಐದು ವರ್ಷ ಶಿಕ್ಷೆಯಾಯಿತು. 1924ರ ಡಿಸೆಂಬರಿನಲ್ಲೇ ಹೊರಬಂದ. ಲ್ಯಾಂಡ್ಸ್‌ಬರ್ಗ್ ಜೈಲಿನಲ್ಲಿ ಶುರುವಾದ ಬರವಣಿಗೆಯ ಮೊದಲ ಸಂಪುಟ 1925ರಲ್ಲಿ, ಎರಡನೆಯದು 1926ರಲ್ಲಿ ಅಚ್ಚಾಯಿತು. 1933ರಲ್ಲಿ ಆತ ಅಧಿಕಾರಕ್ಕೆ ಬಂದ ಮೇಲೆ ಮಾರಾಟ ಏರಿತು. 1936ರಿಂದ ಮದುವೆಯಾದ ಜೋಡಿಗಳಿಗೆ ಅದನ್ನೇ ಉಡುಗೊರೆಯಾಗಿ ಕೊಡತೊಡಗಿದರು. 1945ರ ಹೊತ್ತಿಗೆ ಸುಮಾರು 1.2 ಕೋಟಿ ಪ್ರತಿಗಳು ಹೊರಬಂದಿದ್ದವು.

ಒಳಗೇನಿದೆ? ಯಹೂದಿಗಳ ಮೇಲಿನ ದ್ವೇಷ, ಸಂಸತ್ತಿನ ಬಗ್ಗೆ ತಾತ್ಸಾರ, ಪೂರ್ವದ ದೇಶಗಳ ನೆಲ ಕಸಿಯುವ ಆಸೆ. ಯಾವುದನ್ನೂ ಆತ ಮುಚ್ಚಿಟ್ಟಿರಲಿಲ್ಲ. ಆದರೆ 1933ರಲ್ಲಿ ಬಂದ ಇಂಗ್ಲಿಷ್ ಅನುವಾದ ಸಂಕ್ಷಿಪ್ತವಾಗಿತ್ತು. ವಿಷದ ಭಾಗಗಳು ಬಿಟ್ಟುಹೋಗಿವೆ ಎಂದು ಅಮೆರಿಕದ ಪತ್ರಕರ್ತ ಅಲನ್ ಕ್ರಾನ್‌ಸ್ಟನ್ 1939ರಲ್ಲಿ ಆ ಮಾತುಗಳನ್ನೆಲ್ಲ ಸೇರಿಸಿ, ಟಿಪ್ಪಣಿ ಹಾಕಿ, ಹತ್ತು ಸೆಂಟಿಗೆ ಮಾರಿದರು. ಐದು ಲಕ್ಷದಷ್ಟು ಪ್ರತಿಗಳು ಖರ್ಚಾಗುವಷ್ಟರಲ್ಲಿ ಹಕ್ಕುಸ್ವಾಮ್ಯದ ಮೊಕದ್ದಮೆ ಬಂದು ಮಾರಾಟ ನಿಂತಿತು. ಜನರಿಗೆ ಪೂರ್ತಿ ತಿಳಿಯಬಾರದು ಎನ್ನುವುದು ಯಾರಿಗೆ ಬೇಕಾಗಿತ್ತು, ನೋಡಿ!

ನಮ್ಮ ದೇಶದ ಮಾತೂ ಅದರಲ್ಲಿದೆ. ಭಾರತ ಬೇರೆಯವರ ಕೈಗೆ ಹೋಗುವುದಕ್ಕಿಂತ ಇಂಗ್ಲಿಷರ ಕೈಕೆಳಗಿರುವುದೇ ಮೇಲು ಎಂದು ಆತ ಬರೆದ. ಯುರೋಪಿಗೆ ಬಂದಿದ್ದ ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಗೇಲಿ ಮಾಡಿದ. 1942ರ ಮೇ ತಿಂಗಳಲ್ಲಿ ಆತನನ್ನು ಭೇಟಿಯಾದ ಸುಭಾಷ್‌ಚಂದ್ರ ಬೋಸರು ಈ ಮಾತುಗಳನ್ನು ಎದುರಿಗೇ ಎತ್ತಿದರು. ನೇರ ಉತ್ತರ ಸಿಗಲಿಲ್ಲ. ಮೈನ್ ಕಾಂಫಿನಲ್ಲಿ ನಾಯಕತ್ವ ಹುಡುಕುವ ನಮ್ಮವರು ಮೊದಲು ಈ ಪುಟಗಳನ್ನು ಓದಲಿ.

ಜರ್ಮನಿ ಏನು ಮಾಡಿತು? ಯುದ್ಧದ ನಂತರ ಪುಸ್ತಕದ ಹಕ್ಕು ಬವೇರಿಯಾ ರಾಜ್ಯದ ಪಾಲಾಯಿತು. ಅದು ಮರುಮುದ್ರಣಕ್ಕೆ ಒಪ್ಪಲಿಲ್ಲ. 2015ರ ಕೊನೆಗೆ ಹಕ್ಕಿನ ಅವಧಿ ಮುಗಿಯಿತು. 2016ರ ಜನವರಿಯಲ್ಲಿ ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ ಎರಡು ಸಂಪುಟಗಳ, ಸುಮಾರು 2000 ಪುಟಗಳ ಆವೃತ್ತಿ ತಂದಿತು. ಅದರಲ್ಲಿ ಇತಿಹಾಸಕಾರರ 3500ಕ್ಕೂ ಹೆಚ್ಚು ಟಿಪ್ಪಣಿಗಳಿವೆ. ಸುಳ್ಳು ಇರುವ ಪುಟದಲ್ಲೇ ಅದಕ್ಕೆ ಜವಾಬೂ ಇದೆ.

ಮೈಕಿನ ಮುಂದೆ ಕೂರುವ ನನ್ನಂಥವರಿಗೆ ಇನ್ನೊಂದು ಪಾಠವಿದೆ. ಬರೆದ ಮಾತಿಗಿಂತ ಆಡಿದ ಮಾತೇ ಜನರನ್ನು ಗೆಲ್ಲುತ್ತದೆ ಎಂಬ ಅಭಿಪ್ರಾಯ ಆ ಪುಸ್ತಕದ ಮುನ್ನುಡಿಯಲ್ಲೇ ಇದೆ. 1933ರಲ್ಲಿ ನಾಜಿಗಳು 76 ಮಾರ್ಕಿಗೆ ಅಗ್ಗದ ರೇಡಿಯೋ ತಂದರು. ಆತನ ದನಿ ಮನೆಮನೆಗೆ ತಲುಪಿತು. ಪುಸ್ತಕವಾದರೆ ನಿಲ್ಲಿಸಿ, ಹಿಂದಿನ ಪುಟ ತಿರುಗಿಸಿ, ಇದು ನಿಜವೇ ಎಂದು ಕೇಳಬಹುದು. ಭಾಷಣದಲ್ಲಿ ಅದಕ್ಕೆ ಪುರುಸೊತ್ತೆಲ್ಲಿ?

ಆದ್ದರಿಂದ ಬೇಡ ಎನ್ನಬೇಡಿ. ಓದಲಿ, ಆದರೆ ಟಿಪ್ಪಣಿಯಿಲ್ಲದ ಬರೀ ಪ್ರತಿಯನ್ನು ಒಂಟಿಯಾಗಿ ಓದುವುದು ಬೇಡ. ಜೊತೆಗೆ ಇತಿಹಾಸದ ಒಂದು ಒಳ್ಳೆಯ ಪುಸ್ತಕವಿರಲಿ, ಮನೆಯಲ್ಲಿ ಚರ್ಚೆಯಿರಲಿ. 1945ರಲ್ಲಿ ನಾಜಿಗಳ ಶಿಬಿರದಲ್ಲಿ ಹದಿನೈದರ ಪ್ರಾಯದಲ್ಲೇ ತೀರಿಕೊಂಡ ಆನ್ ಫ್ರಾಂಕ್ ಎಂಬ ಹುಡುಗಿಯ ಡೈರಿಯನ್ನೂ ಮಗನ ಕೈಗಿಡಿ. ಒಬ್ಬನ ಬರಹ ಸುಮಾರು ಅರವತ್ತು ಲಕ್ಷ ಯಹೂದಿಗಳ ಪಾಲಿಗೆ ಏನಾಯಿತು ಎಂಬುದು ಅವನಿಗೂ ತಿಳಿಯಲಿ.