ಹನ್ನೊಂದೂವರೆಯ ಜಾದೂಗಾರ

ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಮೆರಿಕಕ್ಕೆ ಬಂದಿಳಿದ ನಮ್ಮ ಹಿರಿಯರನ್ನು ಕೇಳಿ ನೋಡಿ, ರಾತ್ರಿ ಹನ್ನೊಂದೂವರೆಗೆ ಟೆಲಿವಿಷನ್ನಿನಲ್ಲಿ ಯಾರು ಬರುತ್ತಿದ್ದರೆಂದು. ಜಾನಿ ಕಾರ್ಸನ್ ಎನ್ನುತ್ತಾರೆ. ಹಾಸ್ಯದಲ್ಲಿ ಅರ್ಧ ಅಲ್ಲೇ ಅರ್ಥವಾಗುತ್ತಿತ್ತು, ಮಿಕ್ಕರ್ಧ ಮಾರನೆಯ ದಿನ ಕೆಲಸದ ಜಾಗದಲ್ಲಿ ಯಾರಾದರೂ ಬಿಡಿಸಿ ಹೇಳಿದ ಮೇಲೆ, ಎಂದು ಅವರೇ ನಗುತ್ತಾರೆ. 1962ರ ಅಕ್ಟೋಬರ್ 1ರಿಂದ 1992ರ ಮೇ 22ರವರೆಗೆ, ಸುಮಾರು ಮೂವತ್ತು ವರ್ಷ, ಎನ್‌ಬಿಸಿಯ 'ಟುನೈಟ್ ಶೋ' ನಡೆಸಿಕೊಟ್ಟ ಈ ಮನುಷ್ಯನ ಚರಿತ್ರೆಯನ್ನು ನಾವು ಕುತೂಹಲಕ್ಕೆಂದು ಓದತೊಡಗಿದೆವು. ಓದುತ್ತಾ ಹೋದಂತೆ ನಮಗೆ ಅನಿಸಿದ್ದು, ಈತ ಮೊದಲು ಜಾದೂಗಾರ, ಮಿಕ್ಕದ್ದೆಲ್ಲ ಆಮೇಲೆ.

ಕಾರ್ಸನ್ ಹುಟ್ಟಿದ್ದು 1925ರ ಅಕ್ಟೋಬರ್ 23ರಂದು, ಅಯೋವಾದ ಕಾರ್ನಿಂಗ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ನೆಬ್ರಾಸ್ಕಾದ ನಾರ್‌ಫೋಕ್‌ನಲ್ಲಿ. ಎಳೆಯ ವಯಸ್ಸಿನಲ್ಲೇ ಜಾದೂ ಪುಸ್ತಕವೊಂದು ಕೈಗೆ ಸಿಕ್ಕಿತು. ಹದಿನಾಲ್ಕಕ್ಕೆ 'ದಿ ಗ್ರೇಟ್ ಕಾರ್ಸೋನಿ' ಎಂದು ಹೆಸರಿಟ್ಟುಕೊಂಡು, ಆಟವೊಂದಕ್ಕೆ 3 ಡಾಲರ್ ಪಡೆದು ಪ್ರದರ್ಶನ ಕೊಡುತ್ತಿದ್ದ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆ ಸೇರಿದ. ಆಮೇಲೆ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ರೇಡಿಯೋ ಮತ್ತು ಭಾಷಣಕಲೆ ಓದಿ 1949ರಲ್ಲಿ ಪದವಿ ಪಡೆದ. ಜೊತೆಗೆ ಉಪವಿಷಯವಾಗಿ ಓದಿದ್ದು ಭೌತಶಾಸ್ತ್ರ! ರಸಾಯನಶಾಸ್ತ್ರವಲ್ಲವಲ್ಲ ಎಂಬ ಸಣ್ಣ ಕೊರಗು ನಮಗಿದೆ, ಇರಲಿ.

ಒಮಾಹಾದ ರೇಡಿಯೋದಿಂದ ಲಾಸ್ ಏಂಜಲೀಸ್‌ಗೆ ಬಂದು, ರೆಡ್ ಸ್ಕೆಲ್ಟನ್ ಎಂಬ ಹಾಸ್ಯನಟನಿಗೆ ಹಾಸ್ಯ ಬರೆದುಕೊಡುತ್ತಿದ್ದ. 1954ರಲ್ಲಿ ತಾಲೀಮಿನ ಹೊತ್ತಿಗೆ ಸ್ಕೆಲ್ಟನ್ನನ ತಲೆಗೆ ಪೆಟ್ಟು ಬಿದ್ದಾಗ, ನೇರಪ್ರಸಾರಕ್ಕೆ ಸ್ವಲ್ಪವೇ ಸಮಯವಿದ್ದಾಗ, ಕಾರ್ಸನ್ ಅವನ ಬದಲಿಗೆ ವೇದಿಕೆ ಹತ್ತಿದ. ಅದರಿಂದ ಸಿಬಿಎಸ್‌ನಲ್ಲಿ ತನ್ನದೇ ಕಾರ್ಯಕ್ರಮ ಸಿಕ್ಕಿತು. ಒಂದು ವರ್ಷ ತುಂಬುವ ಮೊದಲೇ ನಿಂತೂ ಹೋಯಿತು. ಐದು ವರ್ಷ ಎಬಿಸಿಯಲ್ಲಿ ಹಗಲು ಹೊತ್ತಿನ ಪ್ರಶ್ನೋತ್ತರದ ಆಟ ನಡೆಸಿದ. 1962ರಲ್ಲಿ ಜ್ಯಾಕ್ ಪಾರ್ 'ಟುನೈಟ್' ಬಿಟ್ಟಾಗ ಆ ಕುರ್ಚಿ ಇವನಿಗೆ ಬಂತು.

ಜಾದೂಗಾರನಿಗೆ ಕೈಚಳಕಕ್ಕಿಂತ ಮುಖ್ಯವಾದದ್ದು ನೋಡುವವರ ಕಣ್ಣು ಈಗ ಎಲ್ಲಿದೆ ಎಂಬ ಅರಿವು. 1965ರಲ್ಲಿ ಎಡ್ ಏಮ್ಸ್ ಎಂಬ ನಟ ಕೊಡಲಿ ಎಸೆಯುವುದನ್ನು ತೋರಿಸಲು ಬಂದಿದ್ದ. ಹಲಗೆಯ ಮೇಲೆ ಬರೆದ ಮನುಷ್ಯನ ಚಿತ್ರಕ್ಕೆ ಎಸೆದ ಕೊಡಲಿ, ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಹೇಳಲಾಗದ ಜಾಗಕ್ಕೇ ಹೋಗಿ ನಾಟಿತು. ಏಮ್ಸ್ ನಾಚಿಕೊಂಡು ಕಿತ್ತು ತೆಗೆಯಲು ಹೊರಟ. ಕಾರ್ಸನ್ ಅವನ ತೋಳು ಹಿಡಿದು ನಿಲ್ಲಿಸಿದ. ಜನ ನಕ್ಕರು, ನಿಲ್ಲಿಸಿದರು, ಮತ್ತೆ ನಕ್ಕರು. ಇವನು ಸುಮ್ಮನೆ ನಿಂತು ಕಾದ. ಬಾಯಿ ಬಿಟ್ಟಿದ್ದು ನಗು ಇಳಿಯತೊಡಗಿದ ಮೇಲೆಯೇ. ಮಾತಿನಿಂದ ಹೊಟ್ಟೆ ಹೊರೆಯುವವನಿಗೆ ಇಷ್ಟು ಸುಮ್ಮನಿರಲು ಬರುತ್ತಿತ್ತಲ್ಲ ಎಂಬುದೇ ನಮಗೆ ಬೆರಗು.

ನಮ್ಮಂಥ ಪ್ರಯೋಗಶಾಲೆಯವರು ನೆನಪಿಡಬೇಕಾದ ರಾತ್ರಿಯೆಂದರೆ 1973ರ ಆಗಸ್ಟ್ 1. ಮನಸ್ಸಿನ ಬಲದಿಂದ ಚಮಚ ಬಗ್ಗಿಸುತ್ತೇನೆ ಎನ್ನುತ್ತಿದ್ದ ಯೂರಿ ಗೆಲ್ಲರ್ ಅಂದಿನ ಅತಿಥಿ. ಆ ದಿನಗಳಲ್ಲಿ ಅವನನ್ನು ನಂಬಿದವರಲ್ಲಿ ವಿಜ್ಞಾನಿಗಳೂ ಇದ್ದರು. ಕಾರ್ಸನ್ನನ ಕಡೆಯವರು ಮೊದಲೇ ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆ ಕೇಳಿದ್ದರು. ಸಲಹೆ ಸರಳ: ಸಾಮಾನೆಲ್ಲ ನಿಮ್ಮದೇ ಇರಲಿ, ಕಾರ್ಯಕ್ರಮಕ್ಕೆ ಮೊದಲು ಗೆಲ್ಲರನನ್ನಾಗಲಿ ಅವನ ಕಡೆಯವರನ್ನಾಗಲಿ ಅದರ ಹತ್ತಿರ ಬಿಡಬೇಡಿ. ಮೇಜಿನ ಮೇಲೆ ಚಮಚಗಳು, ಲೋಹದ ಡಬ್ಬಿಗಳು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಏನೂ ನಡೆಯಲಿಲ್ಲ. ಈ ರಾತ್ರಿ ತನಗೆ ಶಕ್ತಿ ಬರುತ್ತಿಲ್ಲ ಎಂದ ಗೆಲ್ಲರ್. ಕಾರ್ಸನ್ ಗೇಲಿ ಮಾಡಲಿಲ್ಲ, ಅವಸರಪಡಿಸಲೂ ಇಲ್ಲ. ಸಿಗರೇಟು ಹಿಡಿದು ಕಾಯುತ್ತಾ ಕುಳಿತ. ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗವನ್ನು ನಾವೂ ಎಷ್ಟೋ ಸಲ ಮಾಡಿರಲಾರೆವು. ವಿಚಿತ್ರವೆಂದರೆ ಗೆಲ್ಲರನ ಖ್ಯಾತಿ ಇದರಿಂದ ಕುಗ್ಗಲಿಲ್ಲ. ಸೋತದ್ದರಿಂದಲೇ ಇದು ಜಾದೂ ಅಲ್ಲ, ನಿಜ ಎಂದುಕೊಂಡವರೂ ಉಂಟು!

ಇಷ್ಟು ಎಚ್ಚರದ ಮನುಷ್ಯ ಅದೇ ವರ್ಷ ಡಿಸೆಂಬರಿನಲ್ಲಿ ತಾನೇ ಜನರನ್ನು ದಾರಿ ತಪ್ಪಿಸಿದ. ಪೆಟ್ರೋಲಿಗೆ ಬರಗಾಲ ಬಂದ ಕಾಲ. ಟಾಯ್ಲೆಟ್ ಪೇಪರಿಗೂ ಅಭಾವ ಬರಬಹುದೆಂದು ವಿಸ್ಕಾನ್ಸಿನ್ನಿನ ಕಾಂಗ್ರೆಸ್ ಸದಸ್ಯರೊಬ್ಬರು ಹೇಳಿಕೆ ಕೊಟ್ಟಿದ್ದರು. ಬರಹಗಾರರು ಅದನ್ನು ಹಾಸ್ಯ ಮಾಡಿಕೊಟ್ಟರು, ಕಾರ್ಸನ್ ಹೇಳಿದ. ಬೆಳಗಾಗುತ್ತಲೇ ಜನ ಅಂಗಡಿಗಳಿಗೆ ನುಗ್ಗಿ ಬಂಡಿ ತುಂಬಾ ಹೊತ್ತೊಯ್ದರು. ಕಪಾಟು ಖಾಲಿಯಾದದ್ದನ್ನು ಕಂಡವರು ಅಭಾವ ನಿಜವೆಂದರು. ಕರಗಬಲ್ಲದ್ದಕ್ಕಿಂತ ಹೆಚ್ಚು ಉಪ್ಪು ಹೊತ್ತ ದ್ರಾವಣಕ್ಕೆ ಒಂದೇ ಒಂದು ಹರಳು ಬಿದ್ದರೆ ಬೀಕರೆಲ್ಲ ಹರಳುಗಟ್ಟುವುದುಂಟು, ಹಾಗಾಯಿತು. ಕೊನೆಗೆ ಕಾರ್ಸನ್ನನೇ ಟೆಲಿವಿಷನ್ನಿನಲ್ಲಿ ಅಂಥ ಅಭಾವವೇನೂ ಇಲ್ಲವೆಂದು ತಿಳಿಹೇಳಬೇಕಾಯಿತು. ತನ್ನ ಒಂದು ಸಾಲಿಗೆ ಎಷ್ಟು ತೂಕವಿದೆ ಎಂಬುದು ಅವನಿಗೂ ಅಂದೇ ಪೂರ್ತಿ ತಿಳಿದಿರಬೇಕು.

ಹೊಗಳಿಕೆಯೊಂದನ್ನೇ ಬರೆದರೆ ಚರಿತ್ರೆಯಾಗದು. ಜೋನ್ ರಿವರ್ಸ್‌ಳನ್ನು 1965ರಲ್ಲಿ ಕರೆದು ಬೆಳಕಿಗೆ ತಂದವನು ಇವನೇ. 1983ರಿಂದ ತಾನಿಲ್ಲದ ದಿನಗಳಲ್ಲಿ ಆಕೆಯನ್ನೇ ತನ್ನ ಕುರ್ಚಿಯಲ್ಲಿ ಕೂರಿಸುತ್ತಿದ್ದ. 1986ರಲ್ಲಿ ಆಕೆ ಫಾಕ್ಸ್‌ನಲ್ಲಿ ಸ್ವಂತ ಕಾರ್ಯಕ್ರಮ ಒಪ್ಪಿಕೊಂಡಳು. ತನಗೆ ಮೊದಲು ತಿಳಿಸಲಿಲ್ಲವೆಂಬ ಸಿಟ್ಟಿಗೆ ಕಾರ್ಸನ್ ಆಕೆಯ ಫೋನು ಕುಕ್ಕಿದವನು ಸಾಯುವವರೆಗೂ ಮಾತಾಡಲಿಲ್ಲ. 'ಟುನೈಟ್' ವೇದಿಕೆಗೆ ಆಕೆ ಮತ್ತೆ ಕಾಲಿಟ್ಟದ್ದು 2014ರಲ್ಲಿ, ತಾನು ತೀರಿಕೊಂಡ ವರ್ಷ. ತಪ್ಪು ಆಕೆಯದೂ ಇದ್ದೀತು. ಆದರೂ ಇಪ್ಪತ್ತು ವರ್ಷದ ಸ್ನೇಹಕ್ಕೆ ಇದು ತೀರಾ ಕಠಿಣ ಶಿಕ್ಷೆ ಎಂದೇ ನಮ್ಮ ಅಭಿಪ್ರಾಯ.

ಸ್ವಂತ ಬದುಕಿನ ಬಗ್ಗೆ ವೇದಿಕೆಯಲ್ಲಿ ತುಟಿ ಬಿಚ್ಚುತ್ತಿದ್ದದ್ದು ಕಡಿಮೆ. ಮುರಿದ ಮದುವೆಗಳ ಮೇಲೆ ಹಾಸ್ಯ ಮಾಡಿಕೊಂಡದ್ದು ಬಿಟ್ಟರೆ ಅಷ್ಟೇ. 1991ರ ಜೂನ್‌ನಲ್ಲಿ ಛಾಯಾಗ್ರಾಹಕನಾಗಿದ್ದ ಮಗನೊಬ್ಬ ಕಾರು ಅಪಘಾತದಲ್ಲಿ ತೀರಿಕೊಂಡ. ಕೆಲವು ವಾರಗಳ ಮೇಲೆ ಕೆಲಸಕ್ಕೆ ಮರಳಿದ ತಂದೆ ಎಂದಿನಂತೆ ಕಾರ್ಯಕ್ರಮ ನಡೆಸಿದ. ಕೊನೆಯಲ್ಲಿ ಮಗ ತೆಗೆದ ಪ್ರಕೃತಿದೃಶ್ಯಗಳನ್ನು ತೋರಿಸಿ, ಅವನ ಬಗ್ಗೆ ನಾಲ್ಕು ಮಾತಾಡಿದ.

ಇಷ್ಟೆಲ್ಲ ಬರೆಯುವಾಗ ನಮ್ಮನ್ನು ಕಾಡಿದ ಸಂಗತಿ ಇನ್ನೊಂದಿದೆ. ಮೊದಲ ಹತ್ತು ವರ್ಷಗಳ ಕಾರ್ಯಕ್ರಮಗಳಲ್ಲಿ ಬಹುಪಾಲು ಈಗ ಇಲ್ಲ. ಎರಡಂಗುಲ ಅಗಲದ ವಿಡಿಯೋ ಟೇಪು ಆಗ ಬಲು ದುಬಾರಿ. ಅದರ ಮೇಲಿನ ಕಬ್ಬಿಣದ ಆಕ್ಸೈಡಿಗೆ ಹಳೆಯದನ್ನು ಮರೆತು ಹೊಸದನ್ನು ಹೊತ್ತುಕೊಳ್ಳುವ ಗುಣ. ಅಳಿಸಿ ಮತ್ತೆ ಬಳಸಿದರು. 1962ರ ಮೊದಲ ರಾತ್ರಿ ಗ್ರೌಚೋ ಮಾರ್ಕ್ಸ್ ಇವನನ್ನು ಪರಿಚಯಿಸಿದ್ದರ ಧ್ವನಿ ಉಳಿದಿದೆ, ಚಿತ್ರ ಹೋಗಿದೆ. 1972ರಲ್ಲಿ ಕಾರ್ಯಕ್ರಮ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕಿಗೆ ಹೋದ ಮೇಲಿನವು ಹೆಚ್ಚಾಗಿ ಉಳಿದವು. ಅವನ್ನು ಕ್ಯಾನ್ಸಸಿನ ಉಪ್ಪಿನ ಗಣಿಯೊಂದರ ಆಳದಲ್ಲಿ ಕಾಪಿಟ್ಟರು. ಅಲ್ಲಿ ಗಾಳಿ ಒಣ, ಟೇಪು ಕೆಡದು. ಅಜ್ಜಿ ಉಪ್ಪಿನಕಾಯಿ ಭರಣಿಯನ್ನು ಕತ್ತಲ ಕೋಣೆಯಲ್ಲಿಟ್ಟಂತೆ.

1992ರ ಮೇ 22ರ ಕೊನೆಯ ಕಾರ್ಯಕ್ರಮಕ್ಕೆ ಅತಿಥಿಗಳನ್ನು ಕರೆಯಲಿಲ್ಲ. ಒಂದು ಸ್ಟೂಲಿನ ಮೇಲೆ ಕುಳಿತು ಹಳೆಯದನ್ನು ನೆನೆದು ಹೊರಟುಹೋದ. 1994ರಲ್ಲಿ ಡೇವಿಡ್ ಲೆಟರ್‌ಮನ್ನನ ಕಾರ್ಯಕ್ರಮಕ್ಕೆ ಒಮ್ಮೆ ಬಂದು ಅವನ ಮೇಜಿನ ಹಿಂದೆ ಕುಳಿತ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಂದು ಮಾತೂ ಆಡದೆ ಎದ್ದು ನಡೆದ. 2005ರ ಜನವರಿ 23ರಂದು, 79ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಸಿಗರೇಟು ಕೊನೆಗೂ ತನ್ನ ಪಾಲು ಕೇಳಿತು.

ನಿವೃತ್ತಿಯ ಮೇಲೂ ಪತ್ರಿಕೆ ಓದುವಾಗ ಹಾಸ್ಯ ಹೊಳೆದರೆ ಬರೆದು ಲೆಟರ್‌ಮನ್ನನಿಗೆ ಕಳಿಸುತ್ತಿದ್ದನಂತೆ. ಅವನು ತೀರಿಹೋದ ಮುಂದಿನ ವಾರ ಲೆಟರ್‌ಮನ್ ಎಂದಿನಂತೆ ವೇದಿಕೆಗೆ ಬಂದು ಹಾಸ್ಯ ಹೇಳಿದ. ಜನ ನಕ್ಕರು. ಆ ರಾತ್ರಿ ಹೇಳಿದ ಹಾಸ್ಯವೆಲ್ಲ ಕಾರ್ಸನ್ ಕಳಿಸಿದ್ದೆಂದು ಅವರಿಗೆ ತಿಳಿಸಿದ್ದು ಆಮೇಲೆ.